ಸೂಜಿ ಹಿಡಿದ ಪೈಲ್ವಾನ

ಮಕ್ಕಳೇ, ಮಕ್ಕಳಿಗೆ ಇದನ್ನು ಓದಿ ಹೇಳುವ ಅಜ್ಜ ಅಜ್ಜಿಯರೇ,

ಈ ವಾರ ನಿಮಗೆ ಒಂದು ಪ್ರಶ್ನೆಯ ಕಥೆ ಹೇಳಬೇಕು. ಪ್ರಶ್ನೆ ಕೇಳಿದವನು ನನ್ನ ಮೊಮ್ಮಗ. ಕೇಳಿದ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕಿಕೊಂಡು ನಾವಿಬ್ಬರೂ ಆಟೋ ಹತ್ತಿ ಬಳ್ಳಾರಿಯದೇ ಒಂದು ಸಣ್ಣ ಓಣಿಗೆ ಹೋಗಬೇಕಾಯಿತು.

ಮೊಮ್ಮಗ ಹತ್ತನೇ ತರಗತಿ. ಕಬಡ್ಡಿ ಅಂದರೆ ಊಟ ಬಿಟ್ಟು ಓಡುವ ಹುಡುಗ. ಒಂದು ಪಂದ್ಯದಲ್ಲಿ ರೈಡ್ ಹೋದವನು ವಾಪಸ್ ಗೆರೆ ಮುಟ್ಟಲು ಸರಕ್ಕನೆ ತಿರುಗಿದ. ಪಾದ ನೆಲದಲ್ಲೇ ಕಚ್ಚಿಕೊಂಡಿತು, ಮೈ ತಿರುಗಿತು. ಮೊಣಕಾಲಿನೊಳಗೆ 'ಟಕ್' ಅಂದದ್ದು ತನಗೇ ಕೇಳಿಸಿತಂತೆ. ಮೊಣಕಾಲಿನ ಎರಡು ಮೂಳೆಗಳನ್ನು ಜಾರದಂತೆ ಹಿಡಿದಿಡುವ ಹಗ್ಗದಂಥ ಒಂದು ಕಟ್ಟು ಇರುತ್ತದೆ. ಡಾಕ್ಟರು ಅದನ್ನು ಲಿಗಮೆಂಟ್ ಅನ್ನುತ್ತಾರೆ. ಅದು ಹರಿದಿತ್ತು. ಆಪರೇಷನ್ ಆಯಿತು. "ಕನಿಷ್ಠ ಒಂಬತ್ತು ತಿಂಗಳು ಆಟದ ಮಾತು ಬೇಡ. ಆಮೇಲೆ ನೋಡೋಣ" ಎಂದರು ಡಾಕ್ಟರು. ಒಂಬತ್ತು ತಿಂಗಳು ಅನ್ನುವುದಕ್ಕಿಂತ ಆ 'ನೋಡೋಣ' ಅನ್ನುವ ಮಾತು ಹುಡುಗನಿಗೆ ಹೆಚ್ಚು ಚುಚ್ಚಿತು.

ಮನೆಗೆ ಬಂದವರೆಲ್ಲ ಬಾಳೆಹಣ್ಣು ತಂದರು, ಜೊತೆಗೆ ಬುದ್ಧಿಮಾತನ್ನೂ ತಂದರು. ಕೆಲವರು "ಅಯ್ಯೋ, ಇಷ್ಟು ಸಣ್ಣ ವಯಸ್ಸಿಗೆ!" ಎಂದರು. ಕೆಲವರು "ಒಳ್ಳೇದೇ ಆಯ್ತು ಬಿಡು, ಇನ್ನು ಓದಿನ ಕಡೆ ಗಮನ ಕೊಡ್ತಾನೆ" ಎಂದರು. ಹುಡುಗ ಗೋಡೆ ಕಡೆ ಮುಖ ಮಾಡಿ ಮಲಗಿದ. ಮಾತು ಬಿಟ್ಟ.

ನಾನು ಸುಮ್ಮನಿರುವ ಪೈಕಿ ಅಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ದಿನಕ್ಕೊಂದು ಕಥೆ ಹೇಳತೊಡಗಿದೆ. ನೀರಜ್ ಚೋಪ್ರಾ ಕಥೆ ಹೇಳಿದೆ. 2019ರಲ್ಲಿ ಅವರ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು, ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಕೈತಪ್ಪಿತು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ ಅದೇ ಕೈ 87.58 ಮೀಟರ್ ದೂರಕ್ಕೆ ಈಟಿ ಎಸೆದು ಚಿನ್ನ ತಂದಿತು. ಅವರು ತರಬೇತಿ ಪಡೆದ ಸ್ಥಳಗಳಲ್ಲಿ ನಮ್ಮ ಜಿಲ್ಲೆಯ ತೋರಣಗಲ್ಲು ಹತ್ತಿರದ ವಿಜಯನಗರದ ಕ್ರೀಡಾ ಸಂಸ್ಥೆಯೂ ಒಂದು.

ಮರುದಿನ ಹಂಗೇರಿ ದೇಶದ ಕಾರೊಯ್ ಟಾಕಾಚ್ ಕಥೆ. ಪಿಸ್ತೂಲು ಗುರಿಕಾರ, ಸೈನಿಕ. 1938ರಲ್ಲಿ ಗ್ರೆನೇಡ್ ಸಿಡಿದು ಬಲಗೈ ನಜ್ಜುಗುಜ್ಜಾಯಿತು. ಎಡಗೈಯಲ್ಲಿ ಗುರಿ ಹಿಡಿಯುವುದನ್ನು ಮೊದಲಿನಿಂದ ಕಲಿತರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಚಿನ್ನ, 1952ರ ಹೆಲ್ಸಿಂಕಿಯಲ್ಲಿ ಮತ್ತೆ ಚಿನ್ನ.

ಮೂರನೇ ದಿನ ಮುರಳಿಕಾಂತ್ ಪೇಟ್ಕರ್. ಸೈನ್ಯದಲ್ಲಿ ಬಾಕ್ಸರ್ ಆಗಿದ್ದವರು 1965ರ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗಿನ ಬಲ ಕಳೆದುಕೊಂಡರು. ಈಜು ಹಿಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಪ್ಯಾರಾಲಿಂಪಿಕ್ಸಿನ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಚಿನ್ನ ತಂದರು.

ಕಥೆ ಮುಗಿಯಿತು. ಗೋಡೆ ಕಡೆ ಇದ್ದ ಮುಖ ನನ್ನ ಕಡೆ ತಿರುಗಿತು. "ತಾತ, ನೀನು ಬರೇ ವಾಪಸ್ ಬಂದೋರ ಕಥೀನೇ ಹೇಳ್ತಿ. ಬರದೇ ಇದ್ದೋರು ಏನಾದ್ರು?"

ಇದೇ ಆ ಪ್ರಶ್ನೆ.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಜಮೆಯ ಕಾಲಂ ಮಾತ್ರ ಓದಿ ಖರ್ಚಿನ ಕಾಲಂ ಮೇಲೆ ಕೈ ಮುಚ್ಚಿಟ್ಟರೆ ಅದು ಲೆಕ್ಕವಲ್ಲ. ಹುಡುಗ ನನ್ನ ಕೈ ಸರಿಸಿದ್ದ. ಪದಕ ಗೆದ್ದವರ ಹೆಸರು ಪೇಪರಿನಲ್ಲಿ ಬರುತ್ತದೆ. ಪೆಟ್ಟು ತಿಂದು ಮನೆಗೆ ಹೋದ ನೂರಾರು ಹುಡುಗರು, ಹುಡುಗಿಯರು? ಅವರೂ ಬೆಳಿಗ್ಗೆ ಏಳುತ್ತಾರೆ, ಹೊಟ್ಟೆಪಾಡು ನೋಡಿಕೊಳ್ಳುತ್ತಾರೆ. ಅವರ ಕಥೆ ನನಗೆ ಒಂದಾದರೂ ಗೊತ್ತಿದೆಯೇ ಎಂದು ಆ ರಾತ್ರಿಯೆಲ್ಲ ಯೋಚಿಸಿದೆ. ಬೆಳಗಿನ ಜಾವ ನೆನಪಾದವನು ಕುರುಗೋಡಿನ ಪೈಲ್ವಾನ.

ಕುರುಗೋಡು ನಿಮ್ಮಲ್ಲಿ ಹಲವರಿಗೆ ಗೊತ್ತು. ಬೆಟ್ಟದ ಬುಡದ ಹಳೆಯ ಊರು. ಅಲ್ಲಿನ ದೊಡ್ಡ ಬಸವೇಶ್ವರ ಗುಡಿಯೊಳಗೆ ಕೂತಿರುವ ನಂದಿ ಒಂದೇ ಕಲ್ಲಿನದು, ತಲೆ ಎತ್ತಿ ನೋಡಬೇಕು. ಆ ಊರಿನಲ್ಲಿ ನಾನು ಕೆಲವು ವರ್ಷ ಕ್ಯಾಷ್ ಕೌಂಟರಿನಲ್ಲಿದ್ದೆ. ಒಬ್ಬ ರೈತರು ಮಗನನ್ನು ಕರೆದುಕೊಂಡು ಬರುತ್ತಿದ್ದರು. ಜಾತ್ರೆ ಕುಸ್ತಿಯಲ್ಲಿ ಹುಡುಗ ಗೆದ್ದ ಬಹುಮಾನದ ನೋಟುಗಳನ್ನು ಅವನ ಕೈಯಿಂದಲೇ ಕೌಂಟರಿಗೆ ಕೊಡಿಸುತ್ತಿದ್ದರು. ನೋಟಿಗೆ ಗರಡಿಮನೆಯ ಕೆಮ್ಮಣ್ಣು ಮೆತ್ತಿರುತ್ತಿತ್ತು. ನಾನು ನೋಟು ಎಣಿಸಿ "ಪೈಲ್ವಾನರೇ, ಸರಿ ಇದೆ" ಅಂದರೆ ಹುಡುಗ ಎದೆ ಉಬ್ಬಿಸುತ್ತಿದ್ದ. ಆಮೇಲೆ ಸಿರುಗುಪ್ಪ ಶಾಖೆಗೆ ವರ್ಗವಾಯಿತು, ಕೊನೆಗೆ ಬಳ್ಳಾರಿ, ನಿವೃತ್ತಿ. ಹುಡುಗನ ತೋಳು ಕೆಟ್ಟಿತೆಂದು ಯಾರೋ ಹೇಳಿದ್ದರು. ಈಚೆಗೆ ಒಂದು ದಿನ ಬಳ್ಳಾರಿ ರಸ್ತೆಯಲ್ಲಿ ಕಾಲು ಮುಟ್ಟಿ ನಮಸ್ಕರಿಸಿ, "ಕ್ಯಾಷಿಯರ್ ಸಾರ್, ಟ್ಯಾಟೂ ಅಂಗಡಿ ಇಟ್ಟೀನ್ರಿ" ಎಂದಿದ್ದ. ನಾನು "ಓಹೋ, ಸಂತೋಷ" ಎಂದು ಹೇಳಿ ಮುಂದೆ ಹೋಗಿದ್ದೆ. ಮನಸ್ಸಿನಲ್ಲಿ ಮಾತ್ರ, ಪಾಪ, ಎಂಥ ಪೈಲ್ವಾನ ಏನಾಗಿಹೋದ ಅಂದುಕೊಂಡಿದ್ದೆ. ಅದನ್ನೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಭಾನುವಾರ ಮೊಮ್ಮಗನನ್ನು ಎಬ್ಬಿಸಿ, ಊರುಗೋಲು ಕೊಟ್ಟು, "ನಡಿ, ವಾಪಸ್ ಬರದೇ ಇದ್ದವನೊಬ್ಬನನ್ನು ತೋರಿಸ್ತೀನಿ" ಎಂದೆ.

ಹತ್ತಕ್ಕೆ ಹತ್ತರ ಅಂಗಡಿ. ಆಸ್ಪತ್ರೆಯ ವಾಸನೆ. ಗೋಡೆಯ ಮೇಲೆ ಒಂದು ಕಡೆ ಚಿತ್ರಗಳು, ಇನ್ನೊಂದು ಕಡೆ ಮೊಳೆಗೆ ತೂಗುಹಾಕಿದ ಬೆಳ್ಳಿಯ ಕಡಗ. ಪೈಲ್ವಾನ ಕೈಗವಸು ಹಾಕಿಕೊಂಡು ಒಬ್ಬ ಹುಡುಗನ ಮುಂಗೈ ಮೇಲೆ ಬಗ್ಗಿದ್ದ. ಸೂಜಿಯಂತ್ರ ಜೇನುಹುಳದ ಹಾಗೆ ಗುಂಯ್ ಅನ್ನುತ್ತಿತ್ತು. ನಮ್ಮನ್ನು ನೋಡಿ ಮಾತಾಡಲಿಲ್ಲ, ಕಣ್ಣಲ್ಲೇ ಕೂರಲು ಹೇಳಿದ. ಗೆರೆ ಪೂರ್ತಿಯಾಗುವವರೆಗೆ ಉಸಿರು ಕೂಡ ಅವನು ಬಿಟ್ಟ ಹಾಗೆ ಕಾಣಲಿಲ್ಲ.

ಕೆಲಸ ಮುಗಿಸಿ ಚಹಾ ತರಿಸಿದ. ಮೊಮ್ಮಗನ ಮೊಣಕಾಲಿನ ಪಟ್ಟಿ ನೋಡಿದ. "ಅಯ್ಯೋ" ಅನ್ನಲಿಲ್ಲ. "ಯಾವ ಕಾಲು ಮೊದಲು ಊರ್ತಿದ್ದಿ?" ಎಂದು ಕೇಳಿದ. ಹುಡುಗ ಮೂರು ವಾರದಲ್ಲಿ ಮೊದಲ ಸಲ ಆಟದ ಬಗ್ಗೆ ಬಾಯಿ ಬಿಟ್ಟ. ಆಮೇಲೆ ಪೈಲ್ವಾನ ತನ್ನ ಕಥೆ ಹೇಳಿದ. "ಬರೀರಿ ಸಾರ್, ಹೆಸರು ಮಾತ್ರ ಹಾಕಬ್ಯಾಡ್ರಿ" ಎಂದದ್ದರಿಂದ ಹೆಸರು ಬರೆಯುತ್ತಿಲ್ಲ.

ಸಿರುಗುಪ್ಪದ ಕಡೆ ಒಂದು ಜಾತ್ರೆ. ಕೊನೆಯ ದೊಡ್ಡ ಜೋಡಿ. ಎದುರಾಳಿ ಕೆಳಗಿನಿಂದ ಎತ್ತಿದ, ಇವನು ಎಡಗೈ ಊರಿ ಬಿದ್ದ. ಭುಜ ಕೀಲು ತಪ್ಪಿತು. ಅಲ್ಲೇ ಇದ್ದವರು ಹಿಡಿದು ಎಳೆದು ಕೂರಿಸಿದರು. ನೋವು ಇಳಿಯಿತು, ಹುಡುಗ ಮುಂದಿನ ತಿಂಗಳೇ ಮತ್ತೆ ಅಖಾಡಕ್ಕೆ ಇಳಿದ. ಮತ್ತೆ ತಪ್ಪಿತು. ಮತ್ತೆ ಎಳೆದರು. ಮೂರನೇ ಸಲ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದಕ್ಕೇ ತಪ್ಪಿತು!

ಮಕ್ಕಳೇ, ಇದು ಯಾಕೆ ಹೀಗಾಗುತ್ತದೆ ಗೊತ್ತೇ? ಭುಜದ ಕೀಲು ಒಂದು ಚೆಂಡು ಸಣ್ಣ ತಟ್ಟೆಯ ಮೇಲೆ ಕೂತ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಜಾರುವುದೂ ಸುಲಭ. ತಟ್ಟೆಯ ಅಂಚು ಒಮ್ಮೆ ಹರಿದರೆ, ಅದರಲ್ಲೂ ಎಳೆಯ ವಯಸ್ಸಿನಲ್ಲಿ ಹರಿದರೆ, ಮತ್ತೆ ಮತ್ತೆ ಜಾರುವ ಸಂಭವ ಹೆಚ್ಚು. ಆದ್ದರಿಂದ ಆಟದಲ್ಲಿ ಕೀಲು ತಪ್ಪಿದರೆ ಯಾರ ಕೈಯಲ್ಲೂ ಎಳೆಸಬೇಡಿ. ಬಟ್ಟೆಯಲ್ಲಿ ಕೈಯನ್ನು ಕೊರಳಿಗೆ ಕಟ್ಟಿ ನೇರ ಡಾಕ್ಟರ ಹತ್ತಿರ ಹೋಗಿ. ಎಕ್ಸ್‌ರೇ ಆಗಲಿ, ಆಮೇಲೆ ಅವರು ಹೇಳಿದಷ್ಟು ದಿನ ಸುಮ್ಮನಿರಿ. 'ನೋಡೋಣ' ಅನ್ನುವ ಡಾಕ್ಟರ ಮೇಲೆ ಸಿಟ್ಟು ಬೇಡ. ಪೈಲ್ವಾನನಿಗೆ ಮೊದಲ ದಿನ 'ನೋಡೋಣ' ಅನ್ನುವವರು ಯಾರೂ ಸಿಗಲಿಲ್ಲ, ಅದೇ ಅವನ ದುಃಖ.

"ಡಾಕ್ಟರ್ ಕೊನೀಗೆ ಕುಸ್ತಿ ಬಿಡು ಅಂದ್ರು" ಎಂದ ಪೈಲ್ವಾನ. "ಇಪ್ಪತ್ತೆರಡು ವರ್ಷ ನನಗ. ಮತ್ತೇನೂ ಬರ್ತಿರಲಿಲ್ಲ. ಒಂದು ವರ್ಷ ಮನಿ ಹಿಂದಿನ ಕಟ್ಟಿ ಮ್ಯಾಲೆ ಕುಂತೆ."

ಕೂತಲ್ಲೇ ಕೂರಲು ಹೊಟ್ಟೆ ಬಿಡಬೇಕಲ್ಲ. ಬಳ್ಳಾರಿಗೆ ಬಂದು ಒಂದು ಜೀನ್ಸ್ ಹೊಲಿಯುವ ಕಾರ್ಖಾನೆ ಸೇರಿದ. ನಮ್ಮ ಬಳ್ಳಾರಿಯ ಜೀನ್ಸ್ ಹೆಸರುವಾಸಿ, ಮನೆಮನೆಯಲ್ಲೂ ಹೊಲಿಗೆ ಯಂತ್ರದ ಸದ್ದು ಕೇಳುವ ಬೀದಿಗಳು ಇಲ್ಲಿವೆ. ಇವನ ಕೆಲಸ ಪ್ಯಾಂಟಿನ ಹಿಂದಿನ ಜೇಬು ಹೊಲಿಯುವುದು. ಆ ಜೇಬಿನ ಮೇಲೆ ದಾರದಲ್ಲಿ ಒಂದು ಚಿತ್ರ ಇರುತ್ತದಲ್ಲ, ಹಕ್ಕಿಯ ರೆಕ್ಕೆಯೋ, ಅಲೆಯೋ, ಬಾಣವೋ, ಬಿಡುವಿನಲ್ಲಿ ಅಂಥ ಚಿತ್ರಗಳನ್ನು ಸೀಮೆಸುಣ್ಣದಲ್ಲಿ ಬಟ್ಟೆಯ ಚೂರಿನ ಮೇಲೆ ಬಿಡಿಸತೊಡಗಿದ. ಮಾಲೀಕರು ನೋಡಿ, ಹೊಸ ಡಿಸೈನ್ ಬರೆಯುವುದನ್ನು ಇವನಿಗೇ ವಹಿಸಿದರು. ಅಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗ ಬೆಂಗಳೂರಿನಲ್ಲಿ ಕೈಗೆ ಟ್ಯಾಟೂ ಹಾಕಿಸಿಕೊಂಡು ಬಂದ. ಗೆರೆ ಸೊಟ್ಟಗಿತ್ತು. "ನಾನಾದ್ರ ಇದಕ್ಕಿಂತ ಚಲೋ ಎಳೀತಿದ್ದೆ" ಅನ್ನಿಸಿತು. ಅನ್ನಿಸಿದ್ದೇ ಅವನ ದಾರಿಯಾಯಿತು.

ಬೆಂಗಳೂರಿಗೆ ಹೋಗಿ ಒಂದು ಟ್ಯಾಟೂ ಅಂಗಡಿಯಲ್ಲಿ ಎಂಟು ತಿಂಗಳು ನೆಲ ಒರೆಸಿದ, ಸಾಮಾನು ತೊಳೆದ. ರಾತ್ರಿ ಕಿತ್ತಳೆಹಣ್ಣಿನ ಸಿಪ್ಪೆಯ ಮೇಲೆ, ಬಾಳೆಹಣ್ಣಿನ ಸಿಪ್ಪೆಯ ಮೇಲೆ, ಆಮೇಲೆ ರಬ್ಬರಿನಂಥ ಕೃತಕ ಚರ್ಮದ ಮೇಲೆ ಗೆರೆ ಎಳೆದ. ಕಿತ್ತಳೆಯಿಂದ ರಸ ಒಸರಿದರೆ ಸೂಜಿ ಆಳಕ್ಕೆ ಹೋಯಿತೆಂದು ಅರ್ಥ. "ದಿನಾ ಐದಾರು ಹಣ್ಣು ಕೆಡಿಸ್ತಿದ್ದೆ, ಕೆಡಿಸಿದ್ದನ್ನ ತಿನ್ನಂಗೂ ಇಲ್ಲ, ಒಳಗೆಲ್ಲ ಮಸಿ!" ಎಂದು ನಕ್ಕ. ಒಬ್ಬ ಮನುಷ್ಯನ ಚರ್ಮದ ಮೇಲೆ ಮೊದಲ ಗೆರೆ ಎಳೆದದ್ದು ಒಂದು ವರ್ಷದ ನಂತರ. ಆ ಮನುಷ್ಯ ಅವನೇ, ತನ್ನ ತೊಡೆಯ ಮೇಲೆಯೇ ಎಳೆದುಕೊಂಡ.

ಇಲ್ಲಿ ಯಂತ್ರದ ವಿಷಯ ಒಂದು ಮಾತು. ಅವನ ಕೈಲಿದ್ದ ಯಂತ್ರದ ಮುತ್ತಜ್ಜ ಒಂದು ಆಫೀಸು ಸಾಮಾನು! ಥಾಮಸ್ ಎಡಿಸನ್ 1876ರಲ್ಲಿ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. ಬರೆದ ಕಡೆಯೆಲ್ಲ ಅದರ ಸೂಜಿ ಕಾಗದದಲ್ಲಿ ಸಣ್ಣ ತೂತು ಮಾಡುತ್ತಿತ್ತು, ಆ ತೂತಿನಿಂದ ಮಸಿ ಇಳಿಸಿ ಒಂದೇ ಪತ್ರದ ಹಲವು ಪ್ರತಿ ತೆಗೆಯುತ್ತಿದ್ದರು. ನಾವು ಬ್ಯಾಂಕಿನಲ್ಲಿ ಸುತ್ತೋಲೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್ ಅದೇ ವಂಶದ್ದು. 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಒರೈಲಿ ಎಂಬಾತ ಅದೇ ಮಾದರಿಯನ್ನು ತಿದ್ದಿ ಹಚ್ಚೆ ಯಂತ್ರ ಮಾಡಿದ. ಹೀಗೆ ನೋಡಿದರೆ ಗುಮಾಸ್ತನಿಗೂ ಟ್ಯಾಟೂದವನಿಗೂ ದೂರದ ನೆಂಟಸ್ತಿಕೆ ಇದೆ.

"ಹಾಕಿದ ಮಸಿ ಯಾಕೆ ಹೋಗಲ್ಲ ಅಣ್ಣ?" ಎಂದು ಮೊಮ್ಮಗ ಕೇಳಿದ. ನಮ್ಮ ಮೇಲ್ಚರ್ಮ ಸದಾ ಉದುರಿ ಹೊಸದಾಗುತ್ತಿರುತ್ತದೆ. ಅಲ್ಲಿ ಮಸಿ ಹಾಕಿದರೆ ಕೆಲವು ವಾರದಲ್ಲಿ ಅಳಿಸಿಹೋಗುತ್ತದೆ. ಹಚ್ಚೆಯ ಸೂಜಿ ಅದರ ಕೆಳಗಿನ ಪದರಕ್ಕೆ, ಒಂದರಿಂದ ಎರಡು ಮಿಲಿಮೀಟರ್ ಇಳಿಯುತ್ತದೆ. ಹೊರಗಿನ ವಸ್ತು ಬಂತೆಂದು ದೇಹದ ಕಾವಲು ಕಣಗಳು ಓಡಿಬಂದು ಮಸಿಯನ್ನು ನುಂಗುತ್ತವೆ. ನುಂಗಿದರೂ ಜೀರ್ಣಿಸಿಕೊಳ್ಳಲು ಆಗದೆ ಅಲ್ಲೇ ಹಿಡಿದು ಕೂರುತ್ತವೆ. 2018ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ಇನ್ನೊಂದು ಸಂಗತಿ ಕಂಡರು. ಒಂದು ಕಣ ಸತ್ತಾಗ ಮಸಿ ಹೊರಬೀಳುತ್ತದೆ, ಪಕ್ಕಕ್ಕೆ ಬಂದ ಹೊಸ ಕಣ ಅದನ್ನು ಮತ್ತೆ ನುಂಗಿ ಇಟ್ಟುಕೊಳ್ಳುತ್ತದೆ. ರಿಲೇ ಓಟದಲ್ಲಿ ಕೋಲು ಕೈಯಿಂದ ಕೈಗೆ ದಾಟುವ ಹಾಗೆ.

"ಕುಸ್ತಿ ನನಗ ಇಲ್ಲೂ ಬೇಕಾತು" ಎಂದ ಪೈಲ್ವಾನ. ನಾನು ಕಿವಿ ನೆಟ್ಟಗೆ ಮಾಡಿದೆ. ಅಖಾಡದಲ್ಲಿ ಎದುರಾಳಿಯ ಮೈ ಮುಟ್ಟಿದೊಡನೆ ಅವನು ಯಾವ ಕಡೆ ಬಿಗಿದಿದ್ದಾನೆ, ಯಾವ ಕಡೆ ಸಡಿಲ ಇದ್ದಾನೆ ಎಂದು ಕೈಗೆ ತಿಳಿಯಬೇಕು. ಇಲ್ಲಿಯೂ ಹಾಗೆಯೇ, ಚರ್ಮವನ್ನು ಎಡಗೈಯಲ್ಲಿ ಎಷ್ಟು ಹಿಗ್ಗಿಸಬೇಕು, ಮೂಳೆ ಎಲ್ಲಿ ಹತ್ತಿರ ಇದೆ, ಬಂದವನು ಎಲ್ಲಿ ಹೆದರಿದ, ಎಲ್ಲ ಕೈಗೆ ತಿಳಿಯುತ್ತದೆ. ಪಟ್ಟು ಹಾಕುವಾಗ ಉಸಿರು ಕಟ್ಟಿ ಹಿಡಿಯುವುದನ್ನು ಉಸ್ತಾದರು ಕಲಿಸಿದ್ದರು. ಉದ್ದ ಗೆರೆ ಎಳೆಯುವಾಗ ಅದೇ ಉಸಿರು ಕೆಲಸಕ್ಕೆ ಬಂತು. ನಾಲ್ಕು ಗಂಟೆ ಬಗ್ಗಿ ಕೂರುವ ಸೊಂಟವನ್ನು ದಂಡೆ, ಬೈಠಕ್ ಕೊಟ್ಟಿದ್ದವು. ಕೆಟ್ಟ ಎಡಭುಜ? ಅದನ್ನು ಮೇಜಿನ ಮೇಲೆ ಊರಿಟ್ಟುಕೊಳ್ಳುತ್ತಾನೆ. ತಲೆಯ ಮೇಲೆ ಎತ್ತುವ ಕೆಲಸ ಇಲ್ಲಿಲ್ಲವಲ್ಲ.

ನಾನು ಕೇಳಿದೆ, "ಅಪ್ಪಾಜಿ ಏನಂದರು?"

ಪೈಲ್ವಾನ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮ ಮನ್ಯಾಗ ಗದಾ ಹಿಡದೋರು ಅದಾರ, ಸೂಜಿ ಹಿಡದೋರು ಇಲ್ಲ ಅಂದ್ರು. ಹಚ್ಚಿ ಚುಚ್ಚೋದು ನಮ್ಮ ಕೆಲಸ ಏನು ಅಂದ್ರು. ಒಂದು ವರ್ಷ ಮಾತಾಡಲಿಲ್ರಿ."

ಆ ಮಾತು ನನಗೆ ಚುರುಕ್ ಎಂದಿತು. ಯಾಕೆಂದರೆ ನಾನೂ ಅಂಥವನೇ ಆಗಿದ್ದೆ. ನನ್ನ ಅವ್ವ ಸಿರುಗುಪ್ಪ ಕಡೆಯ ಹಳ್ಳಿಯವಳು. ಎರಡೂ ಮುಂಗೈಯಲ್ಲಿ ಹಚ್ಚೆ. ತುಳಸಿಕಟ್ಟೆ, ಚೇಳು, ಸುತ್ತಲೂ ಚುಕ್ಕಿ. ಬಳ್ಳಾರಿಯ ಶಾಲೆಯಲ್ಲಿ ನನ್ನ ಜೊತೆಯ ಕೆಲವು ಹುಡುಗರ ತಾಯಂದಿರ ಕೈ ಬರಿದಾಗಿತ್ತು. ಒಮ್ಮೆ ಅವ್ವ ಶಾಲೆಗೆ ಬಂದಾಗ "ಸೆರಗಿನಾಗ ಕೈ ಮುಚ್ಚಿಕೋ" ಎಂದಿದ್ದೆ. ಅವ್ವ ಮುಚ್ಚಿಕೊಂಡಳು. ಬೈಯಲಿಲ್ಲ. ಮನೆಗೆ ಬಂದ ಮೇಲೆ, "ಬಂಗಾರ ಎಲ್ಲ ಇಲ್ಲೇ ಬಿಟ್ಟು ಹೋಗಬೇಕಪ್ಪ, ಇದೊಂದೇ ನನ್ನ ಸಂಗಡ ಬರೋದು" ಎಂದಳು. ನನಗೆ ಆಗ ಹತ್ತು ವರ್ಷ. ಈಗ ಎಪ್ಪತ್ತು ದಾಟಿದೆ, ಆ ಮಾತು ಇನ್ನೂ ಕಿವಿಯಲ್ಲಿದೆ.

ಅವ್ವನಿಗೆ ಹಚ್ಚೆ ಹಾಕಿದವಳು ಊರೂರು ಸುತ್ತುವ ಕಿಳ್ಳೇಕ್ಯಾತರ ಹೆಂಗಸು. ಈ ಸಮುದಾಯದ ಗಂಡಸರು ತೊಗಲುಗೊಂಬೆ ಆಡಿಸುತ್ತಿದ್ದರು, ಹೆಂಗಸರು ಹಚ್ಚೆ ಹಾಕುತ್ತಿದ್ದರು. ಸ್ವಲ್ಪ ಯೋಚಿಸಿ ನೋಡಿ ಮಕ್ಕಳೇ. ಗಂಡ ಮೇಕೆಯ ತೊಗಲನ್ನು ಹದ ಮಾಡಿ, ಚಿತ್ರ ಬರೆದು, ಬೆಳಕು ತೂರಿ ಬರಲೆಂದು ಸಣ್ಣ ಸಣ್ಣ ತೂತು ಕೊರೆಯುತ್ತಾನೆ. ಹೆಂಡತಿ ಬದುಕಿರುವ ಮನುಷ್ಯರ ಚರ್ಮದ ಮೇಲೆ ಸೂಜಿಯಿಂದ ಚುಕ್ಕಿ ಇಡುತ್ತಾಳೆ. ಎರಡೂ ಒಂದೇ ಮನೆಯ ವಿದ್ಯೆ. ಆ ತೊಗಲುಗೊಂಬೆಯನ್ನು ಹೊರದೇಶಗಳವರೆಗೆ ಒಯ್ದು, ಗಾಂಧೀಜಿಯ ಕಥೆಯನ್ನೂ ಅದರಲ್ಲಿ ಆಡಿಸಿದ ಬೆಳಗಲ್ಲು ವೀರಣ್ಣನವರು ನಮ್ಮ ಬಳ್ಳಾರಿಯವರು, 2023ರಲ್ಲಿ ತೀರಿಕೊಂಡರು. ಅವರಿಗೆ ನಾವು ಶಾಲು ಹೊದೆಸಿದೆವು. ಹಚ್ಚೆ ಹಾಕುತ್ತಿದ್ದ ತಾಯಂದಿರಿಗೆ ಮಾತ್ರ ಒಂದು ಸೇರು ಜೋಳ, ಹಳೆ ಸೀರೆ ಕೊಟ್ಟು ಹೊಸ್ತಿಲ ಹೊರಗೇ ಕೂರಿಸಿ ಕಳಿಸಿದೆವು. ಈಗ ಅದೇ ಕೆಲಸ ಗಾಜಿನ ಬಾಗಿಲ ಅಂಗಡಿಗೆ ಬಂದು, ಇಂಗ್ಲಿಷ್ ಹೆಸರು ಹೊತ್ತು, ಸಾವಿರಾರು ರೂಪಾಯಿ ಆಗಿದೆ. ಕೆಲಸದಲ್ಲಿ ಕೀಳು ಎಂಬುದು ಇರಲಿಲ್ಲ, ಇದ್ದದ್ದು ನಮ್ಮ ಕಣ್ಣಿನಲ್ಲಿ.

"ಆಮೇಲೆ ಅಪ್ಪಾಜಿ ಮಾತಾಡಿದರಾ?" ಎಂದು ಮೊಮ್ಮಗ ಕೇಳಿದ.

"ಒಂದಿನ ಇದ್ದಕ್ಕಿದ್ದಂಗ ಅಂಗಡಿಗೆ ಬಂದ್ರು. ಏನೂ ಅನ್ನಲಿಲ್ಲ. ಅಂಗಿ ತೋಳು ಏರಿಸಿ ಕುಂತ್ರು." ಅಪ್ಪನ ತೋಳಿನ ಮೇಲೆ ಪ್ರಾಯದಲ್ಲಿ ಜಾತ್ರೆಯಲ್ಲಿ ಹಾಕಿಸಿಕೊಂಡ ಹನುಮಪ್ಪ ಇದ್ದ. ನಲವತ್ತು ವರ್ಷಕ್ಕೆ ಗೆರೆಗಳು ಹರಡಿ, ಗದೆ ಯಾವುದು ಬಾಲ ಯಾವುದು ತಿಳಿಯದ ಹಾಗೆ ಮಾಸಿತ್ತು. 'ತಿದ್ದು' ಎಂದರಂತೆ. ಅಷ್ಟೇ ಮಾತು. ಎರಡು ಗಂಟೆ ತಿದ್ದಿದ. ಎದ್ದು ಹೋಗುವಾಗ ಅಪ್ಪ ಜೇಬಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟರು. ಬೇಡ ಎಂದರೂ ಕೇಳಲಿಲ್ಲ. ದುಡಿದವನ ಕೂಲಿ ಕೊಡದೆ ಹೋಗುವ ಮನುಷ್ಯರಲ್ಲ ಅವರು, ಅದು ನನಗೂ ಗೊತ್ತು.

ಮೊಮ್ಮಗ ಇನ್ನೊಂದು ಪ್ರಶ್ನೆ ಇಟ್ಟುಕೊಂಡಿದ್ದ. "ಅಣ್ಣ, ಕುಸ್ತಿ ಈಗ ನೆನಪಾಗಲ್ವಾ?"

ದೊಡ್ಡವರಾದರೆ "ಇಲ್ಲಪ್ಪ, ಈಗ ಆರಾಮ" ಅಂದುಬಿಡುತ್ತೇವೆ. ಪೈಲ್ವಾನ ಹಾಗೆ ಅನ್ನಲಿಲ್ಲ. "ದಿನಾ ನೆನಪಾಗ್ತತಿ. ಮೊದಲ ಮೂರು ವರ್ಷ ಜಾತ್ರಿ ಹಲಗಿ ಸದ್ದು ಕೇಳಿದ್ರ ಊರು ಬಿಟ್ಟು ಹೋಗ್ತಿದ್ದೆ. ಈಗ ಹೋಗಿ ಮುಂದಿನ ಸಾಲಿನ್ಯಾಗ ಕುಂದ್ರತೀನಿ. ಹುಡುಗ್ರು ಪಟ್ಟು ಹಾಕುವಾಗ ನನ್ನ ಕಾಲು ತಾನಾಗೇ ಅಲ್ಲಾಡ್ತತಿ. ಅಲ್ಲಾಡ್ಲಿ ಬಿಡು. ನೆನಪು ಬರಬಾರದು ಅಂತ ನಾನೇನು ಈ ಕೆಲಸ ಕಲೀಲಿಲ್ಲ."

ಹುಡುಗ ತಲೆ ಬಗ್ಗಿಸಿ ಕೂತ. ಕಣ್ಣಲ್ಲಿ ನೀರಿತ್ತು. ಪೈಲ್ವಾನ ನೋಡಿದರೂ ನೋಡದ ಹಾಗೆ ಸೂಜಿಯ ಪೆಟ್ಟಿಗೆ ಜೋಡಿಸತೊಡಗಿದ. ನಾನೂ ಗೋಡೆಯ ಚಿತ್ರ ನೋಡಿದೆ.

ಸ್ವಲ್ಪ ಹೊತ್ತಾದ ಮೇಲೆ ಹುಡುಗ ಮುಖ ಒರೆಸಿಕೊಂಡು, "ನನ್ನ ಕೈಗೆ ಒಂದು ಹುಲಿ ಹಾಕು ಅಣ್ಣ, ದುಡ್ಡು ತಾತ ಕೊಡ್ತಾರೆ" ಎಂದ. ನಾನು ಬಾಯಿ ತೆಗೆಯುವ ಮೊದಲೇ ಪೈಲ್ವಾನ ತಲೆ ಅಲ್ಲಾಡಿಸಿದ. "ಹದಿನೆಂಟು ಆಗೋತನ ನಾನು ಸೂಜಿ ಮುಟ್ಟಿಸಂಗಿಲ್ಲ. ನಿನ್ನ ಕೈ ಇನ್ನ ಬೆಳೀತೈತಿ, ನಿನ್ನ ಮನಸೂ ಬೆಳೀತೈತಿ." ಆಮೇಲೆ ಅವನು ಹೇಳಿದ ಕೆಲವು ಸಂಗತಿಗಳನ್ನು ದೊಡ್ಡ ಮಕ್ಕಳಿಗೂ ಅವರ ಅಜ್ಜ ಅಜ್ಜಿಯರಿಗೂ ಇಲ್ಲಿ ದಾಟಿಸುತ್ತಿದ್ದೇನೆ.

ಸೈನ್ಯ ಸೇರುವ ಆಸೆ ಇರುವವರು ಯೋಚಿಸಿ. ಭಾರತೀಯ ಸೇನೆಯಲ್ಲಿ ಹಚ್ಚೆಗೆ ನಿಯಮವಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ, ಮತ್ತು ಅಂಗೈಯ ಹಿಂಭಾಗದಲ್ಲಿ ಮಾತ್ರ ಒಪ್ಪುತ್ತಾರೆ. ಬುಡಕಟ್ಟು ಸಮುದಾಯದವರಿಗೆ ಅವರ ಸಂಪ್ರದಾಯದ ಹಚ್ಚೆಗೆ ವಿನಾಯಿತಿ ಉಂಟು. ಹಚ್ಚೆ ಹಾಕಿಸಿಕೊಂಡವರು ನಮ್ಮ ದೇಶದ ನಿಯಮದಂತೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ, ಎಚ್‌ಐವಿಯಂಥ ರೋಗಗಳು ದಾಟಬಹುದು. ಆದ್ದರಿಂದ ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕು, ಮಸಿಯನ್ನು ಹೊಸ ಬಟ್ಟಲಿಗೆ ಸುರಿಯಬೇಕು. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಸಾಲಾಗಿ ಹಾಕುವವರ ಮುಂದೆ ಕೈ ಚಾಚಬೇಡಿ.

ಹುಡುಗನ ಮುಖ ಸಪ್ಪಗಾಯಿತು. ಪೈಲ್ವಾನ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಗೋಡೆಯ ಮೇಲಿನ ಒಂದು ಫೋಟೋ ತೋರಿಸಿದ. 1991ರಲ್ಲಿ ಆಸ್ಟ್ರಿಯಾ ಮತ್ತು ಇಟಲಿ ನಡುವಿನ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ ಮನುಷ್ಯನ ದೇಹ. ಸುಮಾರು 5,300 ವರ್ಷ ಹಳೆಯದು. ಅವನನ್ನು ಓಟ್ಸಿ ಎಂದು ಕರೆಯುತ್ತಾರೆ. ಅವನ ಮೈಮೇಲೆ 61 ಹಚ್ಚೆ ಗುರುತುಗಳಿವೆ. ಹುಲಿ ಇಲ್ಲ, ಹೂವಿಲ್ಲ, ಬರೀ ಸಣ್ಣ ಗೆರೆಗಳು, ಒಂದೆರಡು ಅಡ್ಡಗೆರೆ. ಅವುಗಳಲ್ಲಿ ಹಲವು ಎಲ್ಲಿವೆ ಗೊತ್ತೇ? ಸೊಂಟದ ಹಿಂದೆ, ಮೊಣಕಾಲಿನಲ್ಲಿ, ಹರಡಿನ ಬಳಿ, ಕೀಲು ಸವೆದ ಜಾಗಗಳಲ್ಲಿ. ನೋವಿಗೆ ಚಿಕಿತ್ಸೆಯಾಗಿ ಹಾಕಿರಬಹುದು ಎಂದು ಸಂಶೋಧಕರು ಊಹಿಸುತ್ತಾರೆ. "ನೋಡಿದೇನು? ಐದು ಸಾವಿರ ವರ್ಷದ ಹಿಂದ ಅವಂಗೂ ಮೊಣಕಾಲು ನೋವು" ಎಂದ ಪೈಲ್ವಾನ. ಮೊಮ್ಮಗ ನಕ್ಕುಬಿಟ್ಟ. ಮೂರು ವಾರದ ನಂತರದ ಮೊದಲ ನಗು.

ಹೊರಡುವಾಗ ಒಂದು ಕಿತ್ತಳೆಹಣ್ಣು, ಒಂದು ಮಾರ್ಕರ್ ಪೆನ್ನು ಅವನ ಕೈಗಿಟ್ಟ. "ಇದರ ಸುತ್ತ ಒಂದೇ ಗೆರೆ ಎಳಿ. ಉಸಿರು ಬಿಡಬ್ಯಾಡ. ರೈಡಿಗೆ ಮೂವತ್ತು ಸೆಕೆಂಡು ಕಟ್ತಿದ್ದಿಯಲ್ಲ, ಹಂಗ."

ಆಟೋದಲ್ಲಿ ಬರುವಾಗ ನಾನು ಏನೂ ಹೇಳಲಿಲ್ಲ. ನನ್ನ ಬುದ್ಧಿಮಾತು ಅಲ್ಲಿ ಬೇಕಿರಲಿಲ್ಲ. ವಾಪಸ್ ಬರದೇ ಇದ್ದವರು ಏನಾದರು? ಒಬ್ಬ ಹೀಗಾದ. ಆಟ ಅವನನ್ನು ಬಿಟ್ಟಿತು, ಆಟ ಕಲಿಸಿದ್ದು ಅವನನ್ನು ಬಿಡಲಿಲ್ಲ. ಆದರೆ ಅದು ತಾನಾಗಿ ಕೈಗೆ ಬರಲಿಲ್ಲ. ಒಂದು ವರ್ಷ ಅಳು, ಎಂಟು ತಿಂಗಳು ನೆಲ ಒರೆಸುವುದು, ಲೆಕ್ಕವಿಲ್ಲದಷ್ಟು ಕಿತ್ತಳೆಹಣ್ಣು. ಈ ಖರ್ಚಿನ ಕಾಲಮ್ಮನ್ನೂ ಸೇರಿಸಿ ಓದಿದರೇ ಲೆಕ್ಕ ಸರಿಹೊಂದುವುದು.

ನನ್ನ ಮೊಮ್ಮಗ ಮತ್ತೆ ಕಬಡ್ಡಿ ಆಡುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ. ಡಾಕ್ಟರು ಇನ್ನೂ 'ನೋಡೋಣ' ಎಂದೇ ಹೇಳುತ್ತಿದ್ದಾರೆ. ದಿನಾ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾನೆ. ಕಳೆದ ಶನಿವಾರ ಊರುಗೋಲು ಹಿಡಿದು ಶಾಲೆಯ ಮೈದಾನಕ್ಕೆ ಹೋಗಿ, ಗೆರೆಯ ಹೊರಗೆ ಕೂತು ತಂಡದ ಅಂಕ ಬರೆದುಕೊಟ್ಟು ಬಂದ. ನಮ್ಮ ಫ್ರಿಜ್ಜಿನಲ್ಲಿರುವ ಕಿತ್ತಳೆಗಳ ಮೇಲೆಲ್ಲ ಕಪ್ಪು ಗೆರೆಗಳಿವೆ. ಮೊದಲಿನವು ಸೊಟ್ಟ. ಈಚಿನವು ಅಷ್ಟು ಸೊಟ್ಟ ಇಲ್ಲ.

ಅಜ್ಜ ಅಜ್ಜಿಯರೇ, ಪೆಟ್ಟು ತಿಂದ ಮಗು ಮನೆಯಲ್ಲಿದ್ದರೆ "ಎಲ್ಲಾ ಮುಗೀತು" ಅನ್ನಬೇಡಿ, "ಏನೂ ಆಗಿಲ್ಲ" ಎಂದೂ ಅನ್ನಬೇಡಿ. ಎರಡೂ ಸುಳ್ಳು. ಯಾವ ಕಾಲು ಮೊದಲು ಊರುತ್ತಿದ್ದೆ ಎಂದು ಕೇಳಿ.

ಮಕ್ಕಳೇ, ಈ ವಾರದ ಕೆಲಸ ಇಷ್ಟೇ. ನಿಮ್ಮ ಅಜ್ಜಿಯ, ಮುತ್ತಜ್ಜಿಯ ಕೈ ಹಿಡಿದು ನೋಡಿ. ಹಚ್ಚೆ ಇದ್ದರೆ ಯಾರು ಹಾಕಿದರು, ಎಲ್ಲಿ ಕೂತು ಹಾಕಿಸಿಕೊಂಡರು, ನೋವಾಯಿತೇ ಎಂದು ಕೇಳಿ ಬರೆದುಕೊಳ್ಳಿ. ಅದರ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಿ. ನಾನು ನನ್ನ ಅವ್ವನನ್ನು ಕೇಳಲಿಲ್ಲ, ಮುಚ್ಚಿಕೋ ಎಂದೆ. ನೀವು ಕೇಳಿ.